ಚಿತ್ರಕಥೆಯ ವೀರನೂ ಕಥೆಯ ಎಳೆಯೂ

ಚಿತ್ರಕಥೆಗಳು ಮಕ್ಕಳ ಪದಾರ್ಥವೆಂದೂ, ಪದವಿ ತರಗತಿಯ ವಿದ್ಯಾರ್ಥಿಯಾದವನು ಅವನ್ನು ಕೈಯಲ್ಲಿ ಹಿಡಿಯುವುದು ಲಜ್ಜೆಗೇಡೆಂದೂ ನಮ್ಮಲ್ಲಿ ಹಲವರ ಅಭಿಪ್ರಾಯ. ಈ ವಿಷಯದಲ್ಲಿ ವಿದ್ಯಾರ್ಥಿನಿಲಯದ ಮಿತ್ರರು ನನ್ನನ್ನು ಹಾಸ್ಯ ಮಾಡದ ದಿನವಿಲ್ಲ. ಅವರೊಡನೆ ವಾದಕ್ಕಿಳಿಯುವುದು ನನ್ನ ಉದ್ದೇಶವಲ್ಲ. ಆದರೆ ಅವರು ಆಗಾಗ ಎಸೆಯುವ ಒಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡಬೇಕೆನಿಸಿದೆ. ಒಬ್ಬನೇ ವೀರನ ಕಥೆಯನ್ನು ಒಂದು ಪುಸ್ತಕದಲ್ಲಿ ಒಂದು ಬಗೆಯಾಗಿಯೂ, ಇನ್ನೊಂದರಲ್ಲಿ ಬೇರೊಂದು ಬಗೆಯಾಗಿಯೂ, ಸಿನಿಮಾದಲ್ಲಿ ಮೂರನೆಯ ಬಗೆಯಾಗಿಯೂ ಹೇಳುತ್ತಾರಲ್ಲ, ಇವುಗಳಲ್ಲಿ ಯಾವುದನ್ನು ನಂಬತಕ್ಕದ್ದು?

ನನ್ನ ಪಾಲಿಗೆ ಈ ಪ್ರಶ್ನೆ ಹುಟ್ಟಿದ್ದು ಕಾಫಿ ತೋಟದ ಸಾಲುಮನೆಯಲ್ಲಿ. ತಂದೆಯವರು ಏಳನೆಯ ತರಗತಿಗೇ ಶಾಲೆ ಬಿಟ್ಟು ತೋಟದ ಕೆಲಸಕ್ಕೆ ಸೇರಿದವರು. ಆಗ ಬಂಗಲೆಯಲ್ಲಿ ಓದಿ ಮುಗಿಸಿದ ‘ಸುಧಾ’ ವಾರಪತ್ರಿಕೆಗಳು ಸಾಲುಮನೆಗೆ ರದ್ದಿಯಾಗಿ ಬರುತ್ತಿದ್ದುವಂತೆ. ಅವುಗಳಲ್ಲಿನ ಫ್ಯಾಂಟಮ್ ಚಿತ್ರಕಥೆಯ ಪುಟಗಳನ್ನು ಅವರು ಕತ್ತರಿಸಿ, ಕಾಫಿ ಮೂಟೆ ಹೊಲಿಯುವ ದಬ್ಬಣದಿಂದ ಹೊಲಿದು, ಕಟ್ಟು ಮಾಡಿ ಇಟ್ಟಿದ್ದರು. ನಾನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಲು ಕಲಿತದ್ದು ಆ ಕಟ್ಟಿನಲ್ಲಿಯೇ. ಅದರಲ್ಲಿ ಒಂದು ಕಂತು ಇಲ್ಲ. ಮಳೆಗಾಲದಲ್ಲಿ ನೆನೆದು ಹೋಯಿತೋ, ಅಂಗಡಿಯವನು ಒಣಮೀನು ಕಟ್ಟಿದನೋ ಯಾರಿಗೂ ತಿಳಿಯದು. ಒಂದು ಪುಟದ ಕೊನೆಯಲ್ಲಿ ಫ್ಯಾಂಟಮನನ್ನು ಕೈಕಾಲು ಕಟ್ಟಿ ಹಡಗಿನ ಅಡಿಕೋಣೆಯಲ್ಲಿ ಕೆಡವಿದ್ದಾರೆ. ಮುಂದಿನ ಪುಟದಲ್ಲಿ ಅವನು ದಡದ ಮೇಲೆ ನಿಂತಿದ್ದಾನೆ. ನಡುವೆ ನಡೆದುದೇನು?

ತಂದೆಯವರು ಒಂದೊಂದು ರಾತ್ರಿ ಒಂದೊಂದು ಬಗೆಯಾಗಿ ಹೇಳುತ್ತಿದ್ದರು. ಒಮ್ಮೆ ಅವನ ತೋಳ ಡೆವಿಲ್ ಈಜಿಬಂದು ಹಗ್ಗ ಕಡಿಯಿತು. ಇನ್ನೊಮ್ಮೆ ಅಡುಗೆಯ ಹುಡುಗನಿಗೆ ಕನಿಕರ ಹುಟ್ಟಿತು. ನಾನು ಎಲ್ಲವನ್ನೂ ಒಪ್ಪಿಕೊಂಡೆ. ಒಂದು ದಿನ ಬಹಳ ದಣಿದು ಬಂದಿದ್ದವರು, “ಕಾವಲಿನವನ ಕೈಗೆ ಒಂದಿಷ್ಟು ಹಣ ಕೊಟ್ಟು ತಪ್ಪಿಸಿಕೊಂಡ, ಮಲಗು” ಎಂದುಬಿಟ್ಟರು. ನಾನು ಮಲಗಲಿಲ್ಲ, ಅತ್ತೆ. ಫ್ಯಾಂಟಮ್ ಅಂಥವನಲ್ಲವೆಂಬುದು ಆರು ವರ್ಷದ ನನಗೆ ಹೇಗೆ ತಿಳಿದಿತ್ತೋ ಕಾಣೆ. ಅವರು ಎದ್ದು ಕುಳಿತು ಬೇರೆ ಕಥೆ ಹೇಳಬೇಕಾಯಿತು.

ಇಂಗ್ಲಿಷಿನವರು ಕಂಟಿನ್ಯುಯಿಟಿ ಎಂದು ಕರೆಯುವುದನ್ನು ನಾನು ಕಥೆಯ ಎಳೆ ಎನ್ನುತ್ತೇನೆ. ಫ್ಯಾಂಟಮನ ಎಳೆ ಮೊದಲಿನಿಂದಲೂ ಗಂಟು ಗಂಟಾದದ್ದೇ. ಲೀ ಫಾಕ್ ಎಂಬ ಅಮೆರಿಕದ ಲೇಖಕ ಇವನನ್ನು ದಿನಪತ್ರಿಕೆಯಲ್ಲಿ ಮೊದಲು ತಂದದ್ದು 1936ರ ಫೆಬ್ರವರಿ 17ರಂದು. ಸೂಪರ್‌ಮ್ಯಾನ್ ಬಂದುದು 1938ರಲ್ಲಿ. ಆದುದರಿಂದ ಮೈಗಂಟಿದ ಉಡುಪಿನ ವಿಷಯದಲ್ಲಿ ನಮ್ಮವನೇ ಹಿರಿಯ. ಜಿಮ್ಮಿ ವೆಲ್ಸ್ ಎಂಬ ಸಿರಿವಂತ ಯುವಕನೇ ಮುಸುಕಿನ ಹಿಂದಿರುವವನೆಂದು ತೋರಿಸುವುದು ಫಾಕನ ಮೊದಲ ಎಣಿಕೆಯಾಗಿತ್ತು. ಕಥೆ ನಡೆಯುತ್ತಿರುವಾಗಲೇ ಮನಸ್ಸು ಬದಲಿಸಿದ. ಏಷ್ಯದಲ್ಲಿದ್ದಂತೆ ತೋರುತ್ತಿದ್ದ ಕಾಡು ಮುಂದೆ ಆಫ್ರಿಕಕ್ಕೆ ಹೋಯಿತು! ಉಡುಪು ಅಮೆರಿಕದಲ್ಲಿ ನೇರಳೆ, ಸ್ವೀಡನ್ನಿನಲ್ಲಿ ನೀಲಿ, ಇಟಲಿಯಲ್ಲಿ ಕೆಂಪು. 1964ರಲ್ಲಿ ಬೆನೆಟ್ ಕೋಲ್ಮನ್ ಸಂಸ್ಥೆಯವರು ಆರಂಭಿಸಿ, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ತಂದ ‘ಇಂದ್ರಜಾಲ ಕಾಮಿಕ್ಸ್’ ಮಾಲೆಯಲ್ಲಿ ನಮ್ಮ ದೇಶಕ್ಕೆ ಹೊಂದುವಂತೆ ಹೆಸರುಗಳನ್ನೇ ಬದಲಾಯಿಸಿದರು. ‘ಬೆಂಗಾಲಿ’ ಎಂಬ ನಾಡು ‘ಡೆಂಕಾಲಿ’ಯಾಯಿತು; ‘ಸಿಂಗ್’ ಕಡಲುಗಳ್ಳರು ‘ಸಿಂಗ’ರಾದರು; ರಾಮನೆಂಬ ಕೊಲೆಗಾರ ರಾಮಲು ಆದ. ಆ ಮಾಲೆ 1990ರಲ್ಲಿ ನಿಂತುಹೋಯಿತು.

ಇಷ್ಟೆಲ್ಲ ಬದಲಾದರೂ ಓದುಗರು ಇವನನ್ನು ಬಿಡಲಿಲ್ಲವೇಕೆ? ಬದಲಾಗದ ಒಂದು ವಸ್ತು ಇದ್ದುದರಿಂದ. 1536ರಲ್ಲಿ ಕಡಲುಗಳ್ಳರಿಂದ ತಂದೆಯನ್ನು ಕಳೆದುಕೊಂಡ ಮಗನೊಬ್ಬ, ಆ ಕೊಲೆಗಾರನ ತಲೆಬುರುಡೆಯ ಮೇಲೆ ಕೈಯಿಟ್ಟು, ಅನ್ಯಾಯದೊಡನೆ ಹೋರಾಡುವೆನೆಂದು ಮಾಡಿದ ಪ್ರತಿಜ್ಞೆಯದು. ತಂದೆ ಸತ್ತರೆ ಮಗ ಅದೇ ಮುಸುಕು ಧರಿಸಿ ಅದೇ ಮಾತು ಕೊಡುತ್ತಾನೆ. ಲೋಕ ಇವನನ್ನು ಸಾವಿಲ್ಲದವನೆಂದುಕೊಂಡಿದೆ. ನಾವು ಓದುವವನಾದರೋ ಇಪ್ಪತ್ತೊಂದನೆಯವನು. ಫಾಕ್ 1999ರಲ್ಲಿ ತೀರಿಕೊಂಡ ಮೇಲೆ ಬೇರೆಯವರು ಬರೆದರು. ಪ್ರತಿಜ್ಞೆ ಹಾಗೆಯೇ ಉಳಿಯಿತು.

ಅಮೆರಿಕದ ದೊಡ್ಡ ಪ್ರಕಾಶಕರ ದಾರಿ ಬೇರೆ. ಅಲ್ಲಿ ವೀರನಿಗೆ ವಯಸ್ಸಾಗಕೂಡದು, ಕಥೆಯಾದರೋ ಮುಂದುವರಿಯಲೇಬೇಕು. 1961ರಲ್ಲಿ ಡಿ.ಸಿ. ಸಂಸ್ಥೆಯವರು ತಮ್ಮ ಹಳೆಯ ಫ್ಲ್ಯಾಶನೂ ಹೊಸ ಫ್ಲ್ಯಾಶನೂ ಎರಡು ಬೇರೆ ಭೂಮಿಗಳವರೆಂದು ಹೇಳಿ, ಇಬ್ಬರನ್ನೂ ಭೇಟಿ ಮಾಡಿಸಿದರು. ಉಪಾಯವೇನೋ ಸೊಗಸಾಗಿತ್ತು. ಬರಬರುತ್ತಾ ಭೂಮಿಗಳು ಲೆಕ್ಕಕ್ಕೆ ಸಿಗದಷ್ಟಾಗಲು, 1985ರಲ್ಲಿ ಮಹಾಪ್ರಳಯವೊಂದನ್ನು ಬರೆಯಿಸಿ ಎಲ್ಲವನ್ನೂ ಒಂದೇ ಮಾಡಿದರು. 2011ರಲ್ಲಿ ಮತ್ತೆ ಒಂದನೆಯ ಸಂಚಿಕೆಯಿಂದ ಎಣಿಕೆ. ನೂಲು ಗಂಟಾದಾಗಲೆಲ್ಲ ಉಂಡೆಯನ್ನೇ ಎಸೆದು ಹೊಸ ಉಂಡೆ ಕೊಳ್ಳುವುದು ಜಾಣತನವೆಂದು ನನಗೆ ತೋರುವುದಿಲ್ಲ.

ಕನ್ನಡಿಗರಾದ ನಮಗೆ ಈ ಗಾಬರಿಯ ಅಗತ್ಯವೇ ಇಲ್ಲ. ಪಂಪನ ಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನ ಮಡದಿ. ಕೊನೆಗೆ ಪಟ್ಟವಾಗುವುದೂ ಅರ್ಜುನನಿಗೇ. ನಾಗಚಂದ್ರನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಇವನ್ನು ಓದಿದವರು ವ್ಯಾಸವಾಲ್ಮೀಕಿಗಳನ್ನು ಮನೆಯಿಂದ ಹೊರಗೆ ಹಾಕಲಿಲ್ಲ. ಸಂಪಾಜೆ ಘಟ್ಟದ ಕೆಳಗಿನ ತಾಳಮದ್ದಳೆ ಕೇಳಿದವರಿಗಂತೂ ಈ ಮಾತು ಹೊಸತಲ್ಲ. ಕರ್ಣನ ಪಾತ್ರ ವಹಿಸಿದ ಅರ್ಥಧಾರಿ ಕೃಷ್ಣನಿಗೆ ಏನು ಬೇಕಾದರೂ ಉತ್ತರ ಕೊಡಬಹುದು. ನಿನ್ನೆ ಹೇಳಿದ್ದನ್ನು ಇಂದು ಹೇಳಬೇಕಾಗಿಲ್ಲ. ಆದರೆ ಜನ್ಮರಹಸ್ಯ ತಿಳಿದ ಮೇಲೂ ಅವನು ದುರ್ಯೋಧನನನ್ನು ಬಿಟ್ಟು ಹೋಗುವಂತಿಲ್ಲ. ಹೋದರೆ ಅವನು ಕರ್ಣನೇ ಅಲ್ಲ. ಕಾವಲಿನವನಿಗೆ ಹಣ ಕೊಟ್ಟ ಫ್ಯಾಂಟಮನನ್ನು ನಾನು ಒಪ್ಪದಿದ್ದುದೂ ಇದೇ ಕಾರಣದಿಂದಲೇ ಇರಬೇಕು.

ರೂಪಾಂತರಗಳನ್ನೂ ನಾನು ಈ ಒರೆಗಲ್ಲಿಗೇ ಹಚ್ಚಿ ನೋಡುತ್ತೇನೆ. 1996ರ ಫ್ಯಾಂಟಮ್ ಸಿನಿಮಾದಲ್ಲಿ ಉಡುಪು, ಕುದುರೆ, ತೋಳ ಎಲ್ಲವೂ ಇವೆ. ಆದರೂ ನನ್ನ ಮನಸ್ಸು ತುಂಬಲಿಲ್ಲ. 2004ರಲ್ಲಿ ಹೊರಬಂದ ಭಾರತದ ಸ್ಪೈಡರ್‌ಮ್ಯಾನ್ ಚಿತ್ರಕಥೆ ಇದಕ್ಕಿಂತ ಮೇಲು. ಪೀಟರ್ ಪಾರ್ಕರ್ ಅಲ್ಲಿ ಧೋತ್ರದ ಪವಿತ್ರ ಪ್ರಭಾಕರ. ಶಕ್ತಿ ಬರುವುದು ಜೇಡನ ಕಡಿತದಿಂದಲ್ಲ, ಯೋಗಿಯಿಂದ. ಇದನ್ನು ಕಂಡು ನಕ್ಕವರುಂಟು. ಆದರೆ ತಾನು ನೆರವಿಗೆ ನಿಲ್ಲದೆ ಹೋದುದರಿಂದ ಚಿಕ್ಕಪ್ಪ ಭೀಮನನ್ನು ಕಳೆದುಕೊಂಡ ಹುಡುಗನ ಪಶ್ಚಾತ್ತಾಪ ಅಲ್ಲಿಯೂ ಇದೆ, ಅಷ್ಟು ಸಾಕು.

ಇದೇ ಪವಿತ್ರನು 2023ರ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್‌ವರ್ಸ್’ ಸಿನಿಮಾದಲ್ಲಿಯೂ ಬರುತ್ತಾನೆ, ಅದು ಕನ್ನಡದಲ್ಲಿಯೂ ಬಿಡುಗಡೆಯಾಯಿತು. ಪ್ರತಿಯೊಬ್ಬ ಸ್ಪೈಡರ್‌ಮ್ಯಾನನ ಬಾಳಿನಲ್ಲಿಯೂ ಆಪ್ತನಾದ ಪೋಲೀಸು ಅಧಿಕಾರಿಯೊಬ್ಬ ಸಾಯಲೇಬೇಕು, ಸಾಯದಿದ್ದರೆ ಲೋಕವೇ ಹರಿದುಹೋಗುತ್ತದೆ ಎಂದು ಅಲ್ಲಿ ಒಬ್ಬ ಹಿರಿಯನ ವಾದ. ಮೈಲ್ಸ್ ಎಂಬ ಹುಡುಗ ಪವಿತ್ರನ ಊರಿನಲ್ಲಿ ಅಂಥ ಅಧಿಕಾರಿಯನ್ನು ಉಳಿಸಿಬಿಡುತ್ತಾನೆ. ಎಳೆ ಕಡಿಯಿತೆಂದು ಹಿರಿಯನಿಗೆ ಕೋಪ. ನಾನು ಮೈಲ್ಸನ ಪಕ್ಷ. ಬೀಳುತ್ತಿರುವವರನ್ನು ಕಂಡು, ಕಥೆ ಹೀಗೆಯೇ ಬರೆದಿದೆಯೆಂದು ಕೈಕಟ್ಟಿ ನಿಲ್ಲುವವನು ಸ್ಪೈಡರ್‌ಮ್ಯಾನ್ ಹೇಗಾದಾನು? ಆ ಹಿರಿಯ ಘಟನೆಗಳನ್ನು ಕಾದನು. ಹುಡುಗ ಪ್ರತಿಜ್ಞೆಯನ್ನು ಕಾದನು.

ಕೊನೆಗೆ, ನಮ್ಮ ಅಧ್ಯಾಪಕರಲ್ಲಿಯೂ ಮಿತ್ರರಲ್ಲಿಯೂ ಒಂದು ಬಿನ್ನಹ. ಯಾರ ಮನೆಯ ಅಟ್ಟದ ಮೇಲಾದರೂ 1980ರ ದಶಕದ ‘ಸುಧಾ’ ಸಂಚಿಕೆಗಳ ಕಟ್ಟು ಇದ್ದರೆ ದಯವಿಟ್ಟು ತಿಳಿಸಬೇಕು. ಹಡಗಿನ ಅಡಿಕೋಣೆ, ಕಟ್ಟಿದ ಕೈಗಳು, ಬಾಗಿಲಲ್ಲಿ ಲಾಂದ್ರ ಹಿಡಿದ ಕಾವಲಿನವ, ಇದರ ಮುಂದಿನ ವಾರದ ಪುಟ ನನಗೆ ಬೇಕಾಗಿದೆ. ಪತ್ರಿಕೆಯನ್ನು ಕತ್ತರಿಸುವುದಿಲ್ಲ; ನೋಡಿ, ಪ್ರತಿ ಮಾಡಿಕೊಂಡು ಹಿಂತಿರುಗಿಸುತ್ತೇನೆ. ಈ ವಿಷಯವನ್ನು ತಂದೆಯವರಿಗೆ ಹೇಳಿದಾಗ, “ಸಿಕ್ಕಿದರೆ ಮೊದಲು ನನಗೆ ತೋರಿಸು, ನಾನು ಹೇಳಿದ್ದರಲ್ಲಿ ಒಂದಾದರೂ ಸರಿಯಿದೆಯೋ ನೋಡೋಣ” ಎಂದಿದ್ದಾರೆ.