ಇಂಜಿನ್ನಿನ ಎಣ್ಣೆತೊಟ್ಟಿಗೆ ಬದು ಹಾಕುವ ಕ್ರಮ

ತುಮಕೂರು ಜಿಲ್ಲೆಯ ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಕಾರು, ಜೀಪು, ಟ್ರಾಕ್ಟರುಗಳನ್ನು ಇಟ್ಟುಕೊಂಡಿರುವ ಜಮೀನುದಾರರು ಈಗ ಬಹುಮಂದಿ ಇರುವರು. ಎತ್ತಿಗೆ ರೋಗ ತಗಲಿದರೆ ಅದು ಮೇವು ಬಿಡುವುದರಿಂದಲೂ ಮೆಲುಕು ನಿಲ್ಲಿಸುವುದರಿಂದಲೂ ಒಡೆಯನಿಗೆ ಬೇಗನೆ ತಿಳಿದುಬರುವುದು. ಇಂಜಿನ್ನಿಗೆ ಎಣ್ಣೆ ತಪ್ಪಿದುದು ಹಾಗೆ ತಿಳಿಯುವಂತಹುದಲ್ಲ; ಅದು ಬಿಗಿದು ನಿಂತ ಮೇಲೆಯೇ ಬಹುತೇಕ ಮಂದಿಗೆ ಅರಿವಾಗುವುದು. ಮಳೆಯನ್ನೇ ನಂಬಿದ ಈ ಸೀಮೆಯ ಕೆಂಪು ನೆಲದಲ್ಲಿ ನೆಲಗಡಲೆಯ ಬಿತ್ತನೆಗೆ ಹದವು ದೊರೆಯುವುದು ಕೆಲವೇ ದಿನಗಳ ಮಟ್ಟಿಗೆ. ಆ ದಿನಗಳಲ್ಲಿ ಇಂಜಿನ್ನು ಕೆಟ್ಟರೆ ನಷ್ಟವಾಗುವುದು ರಿಪೇರಿಯ ಹಣ ಮಾತ್ರವಲ್ಲ, ಆ ವರ್ಷದ ಬೆಳೆಯೇ ಕೈಬಿಟ್ಟು ಹೋಗಬಹುದು. ಆದಕಾರಣ ಎಣ್ಣೆಯು ತೊಟ್ಟಿಯಲ್ಲಿದ್ದರೂ ಇಂಜಿನ್ನಿಗೆ ದೊರೆಯದೆ ಹೋಗುವುದು ಹೇಗೆ, ಅದಕ್ಕೆ ಪರಿಹಾರವೇನು ಎಂಬುದನ್ನು ವಾಹನವುಳ್ಳವರೆಲ್ಲರೂ ತಿಳಿದಿರುವುದು ಒಳ್ಳೆಯದು.

ಎಣ್ಣೆತೊಟ್ಟಿಯ ಕೆಲಸ

ಇಂಜಿನ್ನಿನ ತಳದಲ್ಲಿ ಬೋಗುಣಿಯಂತೆ ಕಟ್ಟಿರುವ ಭಾಗವೇ ಎಣ್ಣೆತೊಟ್ಟಿ. ಮೆಕ್ಯಾನಿಕ್ಕುಗಳು ಇದನ್ನು ಆಯಿಲ್ ಚೇಂಬರ್ ಅಥವಾ ಆಯಿಲ್ ಸಂಪ್ ಎನ್ನುವರು. ಸಾಧಾರಣವಾದ ಕಾರಿನಲ್ಲಿ ಇದು 3ರಿಂದ 5 ಲೀಟರು ಎಣ್ಣೆಯನ್ನು ಹಿಡಿಯುವುದು. ತೊಟ್ಟಿಯೊಳಗೆ ಇಳಿಬಿಟ್ಟಿರುವ ಒಂದು ಕೊಳವೆಯ ಬಾಯಿಗೆ ಜರಡಿ ಇರುವುದು. ಪಂಪು ಆ ಬಾಯಿಂದ ಎಣ್ಣೆಯನ್ನು ಎಳೆದು ಕ್ರ್ಯಾಂಕ್ ಷಾಫ್ಟಿನ ಬೇರಿಂಗುಗಳಿಗೆ ಒತ್ತಡದಿಂದ ಕಳುಹಿಸುವುದು. ಕೆಲಸ ಮುಗಿಸಿದ ಎಣ್ಣೆ ಮರಳಿ ತೊಟ್ಟಿಗೆ ಇಳಿಯುವುದು. ಷಾಫ್ಟಿಗೂ ಬೇರಿಂಗಿಗೂ ನಡುವೆ ಇರುವ ಸಂದು ತಲೆಗೂದಲಿನ ದಪ್ಪಕ್ಕಿಂತ ಹೆಚ್ಚಿನದಲ್ಲ. ನಿಮಿಷಕ್ಕೆ 3000 ಸುತ್ತು, ಎಂದರೆ ಕ್ಷಣಕ್ಕೆ 50 ಸುತ್ತು ತಿರುಗುವ ಷಾಫ್ಟು ಆ ಸಂದಿನಲ್ಲಿರುವ ಎಣ್ಣೆಯ ಪೊರೆಯ ಮೇಲೆ ತೇಲುತ್ತಿರುವುದು. ಪೊರೆ ಹರಿದರೆ ಲೋಹಕ್ಕೆ ಲೋಹ ತಾಗಿ, ಕಾದು, ಬೇರಿಂಗು ಕರಗಿಹೋಗುವುದಕ್ಕೆ ಹೆಚ್ಚು ಹೊತ್ತು ಬೇಡ.

ಬಾವಿಗೆ ಪಂಪು ಇಟ್ಟಿರುವ ರೈತರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಬಾವಿಯ ತಳದಲ್ಲಿ ನೀರಿದ್ದರೂ ಫುಟ್ ವಾಲ್ವು ನೀರಿನ ಮಟ್ಟದಿಂದ ಮೇಲೆ ನಿಂತರೆ ಪಂಪು ಗಾಳಿಯನ್ನೇ ಎಳೆಯುವುದು. ಇಂಜಿನ್ನಿನ ಎಣ್ಣೆತೊಟ್ಟಿಯಲ್ಲಿಯೂ ಇದೇ ನ್ಯಾಯ. ಎಣ್ಣೆ ಎಷ್ಟಿದೆಯೆಂಬುದು ಒಂದು ಪ್ರಶ್ನೆ. ಕೊಳವೆಯ ಬಾಯಿಯ ಹತ್ತಿರ ಇದೆಯೇ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ.

ತಿರುವಿನಲ್ಲಿ ನಡೆಯುವುದೇನು

ನೀರಿನ ಪೀಪಾಯಿಯನ್ನು ಹೇರಿದ ಗಾಡಿಯನ್ನು ರಭಸದಿಂದ ಎಡಕ್ಕೆ ತಿರುಗಿಸಿದರೆ ಪೀಪಾಯಿಯ ನೀರು ಬಲಬದಿಗೆ ಏರಿ ಚೆಲ್ಲುವುದು. ಎಣ್ಣೆಯೂ ಹಾಗೆಯೇ ತಿರುವಿನ ಹೊರಬದಿಗೆ ಏರಿ, ಒಳಬದಿಯ ತಳವನ್ನು ಬರಿದು ಮಾಡುವುದು. 30 ಮೀಟರು ತ್ರಿಜ್ಯದ ಒಂದು ತಿರುವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅಲ್ಲಿ ಗಂಟೆಗೆ 20 ಕಿಲೋಮೀಟರು ವೇಗದಲ್ಲಿ ಹೋಗುವ ಕಾರಿನ ಎಣ್ಣೆಯ ಮಟ್ಟವು ಸುಮಾರು 6 ಡಿಗ್ರಿಯಷ್ಟು ಮಾತ್ರ ಓರೆಯಾಗುವುದು. 40 ಕಿಲೋಮೀಟರಿನಲ್ಲಿ ಅದು ಸುಮಾರು 23 ಡಿಗ್ರಿ. 60 ಕಿಲೋಮೀಟರಿನಲ್ಲಿ ಸುಮಾರು 43 ಡಿಗ್ರಿ. ವೇಗವು ಎರಡು ಪಾಲಾದರೆ ಹೊರಕ್ಕೆ ಎಳೆಯುವ ಬಲವು ನಾಲ್ಕು ಪಾಲಾಗುವುದೇ ಇದಕ್ಕೆ ಕಾರಣ. ತಿರುವಿನ ಜೊತೆಗೆ ಬ್ರೇಕನ್ನೂ ಒತ್ತಿದರೆ ಎಣ್ಣೆಯು ಹೊರಬದಿಗಷ್ಟೇ ಅಲ್ಲದೆ ಮುಂದಕ್ಕೂ ನುಗ್ಗಿ ಒಂದು ಮೂಲೆಯಲ್ಲಿ ರಾಶಿಯಾಗುವುದು.

ಇಂಜಿನ್ನು ವೇಗವಾಗಿ ತಿರುಗುತ್ತಿರುವಾಗ ಪಂಪು ತೊಟ್ಟಿಯ ಎಣ್ಣೆಯೆಲ್ಲವನ್ನೂ ಕೆಲವೇ ಕ್ಷಣಗಳಲ್ಲಿ ಒಂದು ಸುತ್ತು ಸುತ್ತಿಸಬಲ್ಲದು. ಆದುದರಿಂದ ಉದ್ದವಾದ ತಿರುವಿನಲ್ಲಿ ಕೊಳವೆಯ ಬಾಯಿ ಒಂದೆರಡು ಕ್ಷಣ ಬರಿದಾದರೂ ಬೇರಿಂಗಿಗೆ ಎಣ್ಣೆಯ ಬದಲು ಗಾಳಿ ಹೋಗುವುದು. ಒಂದು ಸಲಕ್ಕೆ ಕೇಡು ತೋರದಿರಬಹುದು; ದಿನದಿನವೂ ಹಾಗಾದರೆ ಬೇರಿಂಗು ಸವೆಯುತ್ತ ಹೋಗಿ, ಒಂದು ದಿನ ಸಮತಟ್ಟಾದ ರಸ್ತೆಯಲ್ಲಿಯೇ ಬಡಿತ ಕೇಳಿಬರುವುದು.

ಹಿಂದಿನ ಒಂದು ನಿದರ್ಶನ

ಈ ತೊಂದರೆ ಹೊಸದೇನೂ ಅಲ್ಲ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಎಣ್ಣೆಯ ಪಂಪೇ ಇರಲಿಲ್ಲ. ಹಿಂಭಾಗದ ದೊಡ್ಡ ಚಕ್ರವು ಎರಚಿದ ಎಣ್ಣೆ ಒಂದು ಸಣ್ಣ ಕೊಳವೆಯ ಮೂಲಕ ಮುಂಭಾಗಕ್ಕೆ ಹರಿದುಬರುತ್ತಿದ್ದಿತು. ಉದ್ದವಾದ ಕಡಿದಾದ ಏರನ್ನು ಹತ್ತುವಾಗ ಮುಂಭಾಗವು ಮೇಲಾಗಿ, ಎಣ್ಣೆಯು ಮುಂದಿನ ಬೇರಿಂಗಿಗೆ ಸರಿಯಾಗಿ ತಲಪುತ್ತಿರಲಿಲ್ಲ. ಇದನ್ನು ಕಂಡ ವ್ಯಾಪಾರಿಗಳು ಇಂಜಿನ್ನಿನ ಹೊರಗಡೆಯಿಂದ ಇನ್ನೊಂದು ಎಣ್ಣೆ ಕೊಳವೆಯನ್ನು ಜೋಡಿಸಿಕೊಳ್ಳುವ ಸಲಕರಣೆಗಳನ್ನು ಮಾರಿದರು. ತಯಾರಿಸಿದವನು ಊಹಿಸಿದ ನೆಲವೇ ಬೇರೆ, ಕೊಂಡವನು ಓಡಿಸುವ ನೆಲವೇ ಬೇರೆ ಎಂಬುದು ಇದರಿಂದ ಸ್ಪಷ್ಟವಾಗುವುದು.

ತೊಟ್ಟಿಯನ್ನು ಸುಧಾರಿಸುವ ವಿಧಗಳು

ಇಳಿಜಾರಾದ ಹೊಲದಲ್ಲಿ ಮಳೆಯ ನೀರು ಓಡಿಹೋಗದಂತೆ ರೈತನು ಬದು ಹಾಕುವನು. ಎಣ್ಣೆತೊಟ್ಟಿಯ ಸುಧಾರಣೆಯೂ ಮುಖ್ಯವಾಗಿ ಇಂತಹ ಬದುವೇ ಆಗಿರುವುದು.

1. ತಡೆಹಲಗೆ: ತೊಟ್ಟಿಯೊಳಗೆ ತಗಡಿನ ಅಡ್ಡಗೋಡೆಗಳನ್ನು ಬೆಸೆದು, ಎಣ್ಣೆಯು ಒಂದೇ ಏಟಿಗೆ ಬದಿಗೆ ನುಗ್ಗದಂತೆ ಮಾಡುವುದು. ಖರ್ಚು ಕಡಿಮೆ. ಆದರೆ ಎಣ್ಣೆ ಮರಳಿ ಬರಲು ಗೋಡೆಯ ಬುಡದಲ್ಲಿ ಕಂಡಿ ಬಿಡತಕ್ಕದ್ದು. ಬಿಡದಿದ್ದರೆ ತಡೆಯೇ ಎಣ್ಣೆಯನ್ನು ಬಾಯಿಂದ ದೂರ ಇಟ್ಟಂತಾಗುವುದು.

2. ಕದವುಳ್ಳ ತಡೆ: ಕೊಳವೆಯ ಬಾಯಿಯ ಸುತ್ತ ಪೆಟ್ಟಿಗೆಯಂತೆ ಗೋಡೆ ಕಟ್ಟಿ, ಒಳಮುಖವಾಗಿ ಮಾತ್ರ ತೆರೆಯುವ ಸಣ್ಣ ಕದಗಳನ್ನು ಇಡುವುದು. ಫುಟ್ ವಾಲ್ವಿನಂತೆಯೇ ಇವು ಎಣ್ಣೆಯನ್ನು ಒಳಕ್ಕೆ ಬಿಟ್ಟುಕೊಂಡು ಹೊರಕ್ಕೆ ಹೋಗಗೊಡವು.

3. ತೊಟ್ಟಿಯನ್ನು ಹಿಗ್ಗಿಸುವುದು: ಆಳ ಹೆಚ್ಚಿಸಿದರೆ ಕೊಳವೆಯ ಬಾಯಿ ಎಣ್ಣೆಯಲ್ಲಿ ಇನ್ನೂ ಮುಳುಗಿ ನಿಲ್ಲುವುದು. ಆದರೆ ನೆಲಕ್ಕೂ ತೊಟ್ಟಿಗೂ ಇರುವ ಅಂತರ ಕಡಿಮೆಯಾಗುವುದರಿಂದ ಕಲ್ಲುದಾರಿಗಳಿರುವ ಈ ತಾಲ್ಲೂಕುಗಳಿಗೆ ಇದು ಹೊಂದದು. ಸ್ಥಳವಿದ್ದರೆ ಅಗಲವನ್ನು ಹೆಚ್ಚಿಸುವುದೇ ಮೇಲು.

4. ಬೇರೆ ತೊಟ್ಟಿ: ಪಂದ್ಯದ ಕಾರುಗಳಲ್ಲಿ ಎಣ್ಣೆಯನ್ನು ತಳದಲ್ಲಿ ನಿಲ್ಲಗೊಡದೆ ಪಂಪುಗಳಿಂದ ಎತ್ತಿ ಬೇರೊಂದು ಎತ್ತರದ ತೊಟ್ಟಿಯಲ್ಲಿ ಶೇಖರಿಸುವರು. ಇದು ಬಹಳ ದುಬಾರಿ, ರೈತರಿಗೆ ಅನಾವಶ್ಯಕ.

ಯಾವ ವಿಧವನ್ನು ಅನುಸರಿಸಿದರೂ ಕೊಳವೆಯ ಬಾಯಿಗೂ ತೊಟ್ಟಿಯ ತಳಕ್ಕೂ ಕಂಪನಿಯವರು ಇಟ್ಟಿದ್ದ ಅಂತರವನ್ನು ಮೊದಲೇ ಅಳೆದು ಗುರುತು ಮಾಡಿಕೊಂಡು, ಕೆಲಸವಾದ ಮೇಲೆ ಅದೇ ಅಂತರವಿರುವುದನ್ನು ನೋಡತಕ್ಕದ್ದು. ಈ ಅಂತರ ಸಾಧಾರಣವಾಗಿ ಬೆರಳಿನ ದಪ್ಪಕ್ಕಿಂತ ಕಡಿಮೆ. ಬೆಸುಗೆಯ ಚೂರೊಂದು ತೊಟ್ಟಿಯಲ್ಲಿ ಉಳಿದರೂ ಅದು ಜರಡಿಗೆ ಸಿಕ್ಕಿಕೊಳ್ಳುವುದು. ಆದುದರಿಂದ ಚೆನ್ನಾಗಿ ತೊಳೆದು, ನೀರು ತುಂಬಿ ಸೋರಿಕೆಯನ್ನು ಪರೀಕ್ಷಿಸಿ, ಪೂರ್ಣವಾಗಿ ಒಣಗಿಸಿದ ಮೇಲೆಯೇ ಜೋಡಿಸತಕ್ಕದ್ದು.

ಇಷ್ಟಾದರೂ ಒಂದು ಮಾತನ್ನು ಮರೆಯಕೂಡದು. ಕೆ-1000 ರ‍್ಯಾಲಿಯಂತಹ ಪಂದ್ಯಗಳಲ್ಲಿ ಓಡಿಸುವವರಿಗೆ ಈ ಸುಧಾರಣೆ ಆವಶ್ಯಕವಾಗಬಹುದು. ಎಣ್ಣೆಯ ಮಟ್ಟ ಸರಿಯಾಗಿದ್ದು ಮಿತವೇಗದಲ್ಲಿ ಓಡುವ ಮನೆಯ ಕಾರಿಗೆ ಕಂಪನಿಯ ತೊಟ್ಟಿಯೇ ಸಾಕು.

ಟ್ರಾಕ್ಟರಿನ ವಿಷಯ

ಟ್ರಾಕ್ಟರು ವೇಗದಿಂದ ತಿರುಗುವ ವಾಹನವಲ್ಲ. ಆದರೆ ಅದು ಓರೆಯಾಗಿಯೇ ದುಡಿಯುವುದು. ಮಣ್ಣು ಕೊಚ್ಚಿಹೋಗದಿರಲು ಇಳಿಜಾರಿಗೆ ಅಡ್ಡಲಾಗಿ ಉಳಬೇಕೆಂಬುದು ಸರಿಯಾದ ಸಲಹೆಯೇ. ನೂರು ಅಡಿಗೆ ಐದು ಅಡಿ ಇಳಿಯುವ ಹೊಲದಲ್ಲಿ ಹೀಗೆ ಉಳುವಾಗ ಟ್ರಾಕ್ಟರು ಸುಮಾರು 3 ಡಿಗ್ರಿ ಓರೆಯಾಗಿರುವುದು. ರೆಕ್ಕೆ ನೇಗಿಲಿನಿಂದ ಉಳುವಾಗ ಒಂದು ಬದಿಯ ಚಕ್ರಗಳು 20 ಸೆಂಟಿಮೀಟರು ಆಳದ ಸಾಲಿನಲ್ಲಿ ನಡೆದರೆ, ಚಕ್ರಗಳ ನಡುವಣ ಅಗಲ 130 ಸೆಂಟಿಮೀಟರು ಇರುವಲ್ಲಿ ಇನ್ನೂ 9 ಡಿಗ್ರಿ ಓರೆ ಕೂಡುವುದು. ಸಾಲು ಇಳಿಜಾರಿನ ಕೆಳಬದಿಗಿದ್ದರೆ ಒಟ್ಟು ಸುಮಾರು 12 ಡಿಗ್ರಿ. ಕಾರು ತಿರುವಿನಲ್ಲಿ ಓರೆಯಾಗುವುದು ಕೆಲವೇ ಕ್ಷಣ; ಟ್ರಾಕ್ಟರು ಹೊಲದ ಉದ್ದಕ್ಕೂ ಗಂಟೆಗಟ್ಟಲೆ ಹೀಗೆಯೇ ಇರುವುದು. ಬೇಸಗೆಯಲ್ಲಿ ಕೆರೆಯ ಗೋಡನ್ನು ತುಂಬಿದ ಟ್ರೇಲರನ್ನು ಎಳೆದುಕೊಂಡು ಏರಿಯನ್ನು ಹತ್ತುವಾಗ ಎಣ್ಣೆಯು ಹಿಂದಕ್ಕೆ ಸರಿಯುವುದು.

ಎಣ್ಣೆ ಗುರುತಿನಷ್ಟು ಇರುವ ಟ್ರಾಕ್ಟರಿಗೆ ಈ ಓರೆಯಿಂದ ತೊಂದರೆಯಿಲ್ಲ. ಕಡಿಮೆಯಿದ್ದರೆ ತೊಂದರೆ ಮೊದಲು ಕಾಣುವುದು ಇಲ್ಲಿಯೇ. ಆದಕಾರಣ ಟ್ರಾಕ್ಟರಿಗೆ ಬೇಕಾದುದು ಹೊಸ ತೊಟ್ಟಿಯಲ್ಲ, ದಿನನಿತ್ಯದ ಲಕ್ಷ್ಯ. ಅನೇಕ ಟ್ರಾಕ್ಟರುಗಳಲ್ಲಿ ಎರಕದ ತೊಟ್ಟಿಯೇ ಗಾಡಿಯ ಭಾರವನ್ನು ಹೊರುವ ಅಂಗವಾಗಿರುವುದರಿಂದ ಅದನ್ನು ಕೊರೆಯುವುದಾಗಲಿ ಬೆಸೆಯುವುದಾಗಲಿ ಅಪಾಯಕರ. ಬೆಟ್ಟದ ತಪ್ಪಲಿನ ಕಡಿದಾದ ನೆಲಗಳಲ್ಲಿ ಇಂಜಿನ್ನಿನ ಯೋಚನೆಗಿಂತ ಟ್ರಾಕ್ಟರು ಮಗುಚೀತೆಂಬ ಯೋಚನೆ ಮುಂದಿರಲಿ. ಇಂಜಿನ್ನನ್ನು ಹಣ ಕೊಟ್ಟು ತರಬಹುದು, ನಡೆಸುವವನನ್ನು ತರಲಾಗದು.

ಕಲ್ಲೇಟಿನಿಂದಾಗುವ ಕೇಡು

ಈ ಭಾಗದ ಬಂಡಿದಾರಿಗಳಲ್ಲಿ ಇನ್ನೊಂದು ಕಾರಣವೂ ಉಂಟು. ಕಾರಿನ ತೊಟ್ಟಿಗೆ ಕಲ್ಲು ತಾಗಿ ತಗ್ಗು ಬಿದ್ದರೆ, ಸೋರುವುದಿಲ್ಲವೆಂದು ಮಾಲೀಕನು ಸುಮ್ಮನಾಗುವನು. ಆದರೆ ಒಳಗೆ ತಳವು ಮೇಲೆದ್ದು ಕೊಳವೆಯ ಬಾಯಿಯನ್ನು ಮುಚ್ಚಿರಬಹುದು. ಆಗ ತೊಟ್ಟಿ ತುಂಬಿದ್ದರೂ ಇಂಜಿನ್ನು ಎಣ್ಣೆಯಿಲ್ಲದೆ ಬಳಲುವುದು. ತಗ್ಗು ಬಿದ್ದ ತೊಟ್ಟಿಯನ್ನು ಬಿಚ್ಚಿಸಿ, ಕೊಳವೆಯನ್ನು ನೋಡಿ, ಅಗತ್ಯವಾದರೆ ಹೊಸದನ್ನು ಹಾಕಿಸತಕ್ಕದ್ದು. ತೊಟ್ಟಿಯ ಕೆಳಗೆ ಗಟ್ಟಿ ತಗಡಿನ ರಕ್ಷಣೆಯನ್ನು ಕಟ್ಟಿಸುವುದು ಹಳ್ಳಿಯ ಕಾರಿಗೆ ಎಲ್ಲಕ್ಕಿಂತ ಉಪಯುಕ್ತವಾದ ಸುಧಾರಣೆ.

ಗಮನದಲ್ಲಿಡಬೇಕಾದ ಅಂಶಗಳು

ವಾಹನವನ್ನು ಸಮನೆಲದಲ್ಲಿ ನಿಲ್ಲಿಸಿ, ಇಂಜಿನ್ನನ್ನು ಆರಿಸಿ, ಹತ್ತು ನಿಮಿಷ ಬಿಟ್ಟು ಅಳತೆಗೋಲಿನಿಂದ ಮಟ್ಟವನ್ನು ನೋಡತಕ್ಕದ್ದು. ಇಳಿಜಾರಿನಲ್ಲಿ ನೋಡಿದ ಅಳತೆ ಸುಳ್ಳು. ಮಟ್ಟವು ಮೇಲಿನ ಗುರುತನ್ನು ಮೀರಲೂ ಕೂಡದು; ಮೀರಿದರೆ ಷಾಫ್ಟು ಎಣ್ಣೆಗೆ ಬಡಿದು ನೊರೆಯೆಬ್ಬಿಸುವುದು, ನೊರೆಯೆಂಬುದು ಅರ್ಧ ಗಾಳಿಯೇ.

ತಿರುವಿನಲ್ಲಾಗಲಿ ಏರಿನಲ್ಲಾಗಲಿ ಎಣ್ಣೆಯ ಕೆಂಪು ದೀಪವು ಒಮ್ಮೆ ಮಿನುಗಿ ಆರಿದರೆ ಅದನ್ನು ದೀಪದ ದೋಷವೆಂದು ತಳ್ಳಿಹಾಕಕೂಡದು. ಒತ್ತಡವು ತೀರ ಕುಸಿದ ಮೇಲೆಯೇ ಆ ದೀಪ ಹತ್ತುವುದು. ಕೂಡಲೆ ನಿಲ್ಲಿಸಿ, ಮಟ್ಟ ನೋಡಿ, ಎಣ್ಣೆ ಸರಿಯಾಗಿದ್ದೂ ದೀಪ ಮತ್ತೆ ಮಿನುಗಿದರೆ ಇಂಜಿನ್ನನ್ನು ನಡೆಸದೆ ಮೆಕ್ಯಾನಿಕ್ಕನನ್ನು ಕರೆಸತಕ್ಕದ್ದು.

ಟ್ರಾಕ್ಟರನ್ನು ನಡೆಸುವವನು ಅನೇಕ ಕಡೆ ಕೂಲಿಯಾಳು. ಎಣ್ಣೆಯನ್ನು ಕೊಳ್ಳುವವನು ಮಾಲೀಕ. ಎಣ್ಣೆ ಕಡಿಮೆಯಾಗಿದೆಯೆಂದು ಹೇಳಿದರೆ ಬೈಗುಳ ಕೇಳಬೇಕಾದೀತೆಂದು ಆಳು ಸುಮ್ಮನಿದ್ದರೆ ಆ ಮೌನದ ಬೆಲೆಯನ್ನು ತೆರುವವನು ಮಾಲೀಕನೇ. ಗ್ರಾಮದ ಮುಖಂಡರೂ ಜಮೀನುದಾರರೂ ಮುಂಗಾರಿಗೆ ಮುಂಚೆ ತಮ್ಮ ತಮ್ಮ ಊರಿನ ಚಾಲಕರನ್ನು ಒಂದೆಡೆ ಸೇರಿಸಿ, ಅಳತೆಗೋಲನ್ನು ನೋಡುವ ಕ್ರಮವನ್ನೂ ಕೆಂಪು ದೀಪದ ಅರ್ಥವನ್ನೂ ತಿಳಿಸಿ, ದೀಪ ಕಂಡಾಗ ಕೆಲಸ ನಿಲ್ಲಿಸಿದವನಿಗೆ ಆಕ್ಷೇಪಣೆ ಇಲ್ಲವೆಂದು ಬಾಯಿಬಿಟ್ಟು ಹೇಳುವುದು ಯುಕ್ತ. ಹೊಲದ ಬದುವನ್ನು ಮಳೆಗೆ ಮೊದಲು ಸರಿಪಡಿಸುವಂತೆ ಇಂಜಿನ್ನಿನ ಎಣ್ಣೆಯನ್ನೂ ಬಿತ್ತನೆಗೆ ಮೊದಲು ನೋಡಿಕೊಂಡವನ ಹದವು ಇಂಜಿನ್ನಿನ ದೆಸೆಯಿಂದ ತಪ್ಪಿಹೋಗದು.