ಸವೆದ ಪಾತ್ರೆಯ ಲೋಹ ಎಲ್ಲಿಗೆ ಹೋಯಿತು?

*ಹೋಟೆಲ್, ಮೆಸ್, ಕ್ಯಾಂಟೀನ್ ನಡೆಸುವ ನಮ್ಮವರಿಗೆ ಒಬ್ಬ ಹೃದ್ರೋಗ ತಜ್ಞನ ಮಾತು*



ಕೆಲವು ತಿಂಗಳ ಹಿಂದೆ ಖಡಕಿಯಿಂದ ನಮ್ಮವರೊಬ್ಬರು ತೋರಿಸಿಕೊಳ್ಳಲು ಬಂದರು. ಊರು ಕುಂದಾಪುರದ ಕಡೆ. ವಯಸ್ಸು ಐವತ್ತು ದಾಟಿದೆ. ಖಡಕಿ ಬಜಾರಿನ ಹತ್ತಿರ ಮೆಸ್ ನಡೆಸುತ್ತಾರೆ. ಎರಡು ಮಾತ್ರೆ ನುಂಗಿದರೂ ಬಿ.ಪಿ. ಹತೋಟಿಗೆ ಬಂದಿರಲಿಲ್ಲ. ಉಪ್ಪು, ನಿದ್ದೆ, ಕೆಲಸದ ಒತ್ತಡ ಎಲ್ಲ ವಿಚಾರಿಸಿದೆ. ಊಟ ಎಲ್ಲಿ ಎಂದು ಕೇಳಿದಾಗ, "ಮೂರು ಹೊತ್ತೂ ನಮ್ಮ ಮೆಸ್ಸಿನದೇ ಡಾಕ್ಟರೇ. ಹುಡುಗರೂ ಅದನ್ನೇ ಉಣ್ಣುವುದು" ಎಂದರು. ಆಮೇಲೆ ಹೆಮ್ಮೆಯಿಂದ ಇನ್ನೊಂದು ಮಾತು ಸೇರಿಸಿದರು. "ಸಾಂಬಾರಿನ ಅಲ್ಯೂಮಿನಿಯಂ ಡಬರಿ ಇಪ್ಪತ್ತು ವರ್ಷದಿಂದ ನಡೆಯುತ್ತಿದೆ. ತಳ ಕಾಗದದ ಹಾಗೆ ತೆಳ್ಳಗಾಗಿದೆ. ಆದರೂ ಇನ್ನೂ ಸೋರಿಲ್ಲ!"

ನಾನು ಕೇಳಿದೆ: "ತಳ ಮೊದಲು ದಪ್ಪ ಇತ್ತಲ್ಲ, ಆ ಲೋಹ ಎಲ್ಲಿಗೆ ಹೋಯಿತು?"

ಅವರು ನಕ್ಕರು. ಆಮೇಲೆ ಸುಮ್ಮನಾದರು. ಸ್ವಲ್ಪ ಭಾಗ ತಿಕ್ಕುವ ತಂತಿಗೆ ಹೋಯಿತು. ಸ್ವಲ್ಪ ಭಾಗ ಸಾಂಬಾರಿಗೇ ಹೋಯಿತು.

ಅವರ ಬಿ.ಪಿ.ಗೆ ಆ ಡಬರಿಯೇ ಕಾರಣ ಎಂದು ನಾನು ಹೇಳುವುದಿಲ್ಲ. ಉಪ್ಪು ಮತ್ತು ನಿದ್ದೆಗೇಡಿನ ಪಾಲೇ ದೊಡ್ಡದು. ಆದರೆ ಮುಂದಿನ ಭೇಟಿಗೆ ಅವರು ಹೊಸ ಪಾತ್ರೆಗಳ ಕೊಟೇಶನ್ ಹಿಡಿದುಕೊಂಡೇ ಬಂದರು. "ಯಾವುದು ತೆಗೆದುಕೊಳ್ಳಲಿ, ನೀವೇ ಹೇಳಿ" ಎಂದರು. ಆ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪುಣೆಯಲ್ಲಿ ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿ, ರೂಪಾಲಿಗಳಿಂದ ಹಿಡಿದು ಗಲ್ಲಿಯ ಟಿಫಿನ್ ಸೆಂಟರ್‌ವರೆಗೆ ನಮ್ಮ ಕಡೆಯವರು ಕಟ್ಟಿದ ಅಡುಗೆಮನೆಗಳು ಎಷ್ಟೋ ಇವೆ. ಅಲ್ಲಿ ಉಣ್ಣುವವರಲ್ಲಿ ಮೊದಲಿಗರು ಮಾಲೀಕರು ಮತ್ತು ಕೆಲಸದ ಹುಡುಗರು. ಗಿರಾಕಿ ತಿಂಗಳಿಗೆ ನಾಲ್ಕು ಸಲ ಬಂದರೆ ನೀವು ತೊಂಬತ್ತು ಸಲ ಉಣ್ಣುತ್ತೀರಿ.

*ಬಾಳಿಕೆ ಎಂದರೆ ಏನು?*

ಒಡೆಯದೆ, ಸೋರದೆ ಹತ್ತು ವರ್ಷ ಬಂದರೆ ಪಾತ್ರೆ ಬಾಳಿಕೆ ಬಂತು ಎನ್ನುತ್ತೇವೆ. ನನ್ನ ಲೆಕ್ಕ ಸ್ವಲ್ಪ ಬೇರೆ. ತನ್ನನ್ನು ತಾನು ಅಡುಗೆಗೆ ಬಿಟ್ಟುಕೊಡದ ಪಾತ್ರೆಯೇ ಬಾಳಿಕೆಯ ಪಾತ್ರೆ. ಅದು ದೇಹಕ್ಕೂ ಒಳ್ಳೆಯದು, ಹಣಕ್ಕೂ ಉಳಿತಾಯ.

*1. ಅಲ್ಯೂಮಿನಿಯಂ: ಎಲ್ಲಿ ಸರಿ, ಎಲ್ಲಿ ತಪ್ಪು*

ಹೋಟೆಲಿನವರು ಇದನ್ನು ಇಷ್ಟಪಡಲು ಕಾರಣ ಇದೆ. ಹಗುರ, ಅಗ್ಗ, ಮತ್ತು ಸ್ಟೇನ್‌ಲೆಸ್ ಸ್ಟೀಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ಹರಡುತ್ತದೆ. ತಳ ಹಿಡಿಯುವುದು ಕಡಿಮೆ. ಅನ್ನ ಬೇಯಿಸಲು, ನೀರು ಕಾಯಿಸಲು ಒಳ್ಳೆಯ ದರ್ಜೆಯ ಅಲ್ಯೂಮಿನಿಯಂ ನಡೆಯುತ್ತದೆ.

ಹುಳಿ ಮತ್ತು ಉಪ್ಪು ಸೇರಿದಾಗ ಮಾತು ಬದಲಾಗುತ್ತದೆ. ಹುಣಸೆ, ಟೊಮೆಟೊ, ಮೊಸರು, ನಿಂಬೆ, ಕೋಕಂ ಇವೆಲ್ಲ ಅಲ್ಯೂಮಿನಿಯಂನ ಮೇಲ್ಪದರವನ್ನು ತಿನ್ನುತ್ತವೆ. ನಮ್ಮ ಸಾಂಬಾರು, ಸಾರು, ಮಜ್ಜಿಗೆ ಹುಳಿ ಎಲ್ಲವೂ ಹುಳಿಯೇ. ಹುಳಿ ಬಂದ ದೋಸೆ ಹಿಟ್ಟನ್ನು ರಾತ್ರಿಯಿಡೀ ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡುವುದು ಇನ್ನೂ ಕೆಟ್ಟದ್ದು. ಅಡುಗೆ ಒಂದು ಗಂಟೆ ಇದ್ದರೆ ಹಿಟ್ಟು ಹತ್ತು ಗಂಟೆ ಇರುತ್ತದೆ.

ಹೆದರಿಸುವುದು ನನ್ನ ಉದ್ದೇಶವಲ್ಲ. ಆರೋಗ್ಯವಂತರ ಮೂತ್ರಪಿಂಡ ದೇಹಕ್ಕೆ ಸೇರಿದ ಅಲ್ಯೂಮಿನಿಯಂನ ಹೆಚ್ಚಿನ ಭಾಗವನ್ನು ಹೊರಹಾಕುತ್ತದೆ. ಅಲ್ಯೂಮಿನಿಯಂ ಪಾತ್ರೆಯಿಂದ ನೇರವಾಗಿ ಹೃದಯಾಘಾತ ಆಗುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ಹೆಚ್ಚು ಎಚ್ಚರ ವಹಿಸಬೇಕು. ನನ್ನ ನಿಜವಾದ ಚಿಂತೆ ಬೇರೆ ಲೋಹದ್ದು.

*2. ಸೀಸ: ಬಿ.ಪಿ. ಏರಿಸುವ ಗುಟ್ಟಿನ ಅತಿಥಿ*

ಗುಜರಿಗೆ ಹೋದ ಹಳೆಯ ಎಂಜಿನ್ ಭಾಗ, ತಂತಿ, ಡಬ್ಬ ಎಲ್ಲವನ್ನೂ ಒಟ್ಟಿಗೆ ಕರಗಿಸಿ ಅಚ್ಚು ಹಾಕಿದ ಅಗ್ಗದ ಕಡಾಯಿ, ಡಬರಿಗಳು ಮಾರುಕಟ್ಟೆಯಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತವೆ. ಅದರೊಳಗೆ ಸೀಸ ಸೇರಿರಬಹುದು. ಕಣ್ಣಿಗೆ ಕಾಣದು, ರುಚಿಗೂ ತಿಳಿಯದು.

ಸೀಸ ರಕ್ತದೊತ್ತಡ ಏರಿಸುತ್ತದೆ, ಮೂತ್ರಪಿಂಡ ಕೆಡಿಸುತ್ತದೆ, ಮಕ್ಕಳ ಮೆದುಳಿನ ಬೆಳವಣಿಗೆಗೆ ಅಡ್ಡಿ ಮಾಡುತ್ತದೆ. ಒಮ್ಮೆ ಮೂಳೆಯಲ್ಲಿ ಸೇರಿದರೆ ದಶಕಗಟ್ಟಲೆ ಅಲ್ಲೇ ಇರುತ್ತದೆ. ಇಷ್ಟರವರೆಗೆ ಸೇರಿದರೆ ತೊಂದರೆ ಇಲ್ಲ ಎಂಬ ಮಟ್ಟವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2023ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಈ ಮೂರನ್ನೂ ಹೃದ್ರೋಗದ ಅಪಾಯಕಾರಿ ಅಂಶಗಳೆಂದು ಎಚ್ಚರಿಸಿತು. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಹೊರದೇಶದಿಂದ ಬಂದ ಕೆಲವು ಅಲ್ಯೂಮಿನಿಯಂ, ಹಿತ್ತಾಳೆ ಮತ್ತು ಹಿಂಡಾಲಿಯಂ ಪಾತ್ರೆಗಳು ಆಹಾರಕ್ಕೆ ಸೀಸ ಬಿಡಬಹುದು ಎಂದು ಎಚ್ಚರಿಕೆ ಕೊಟ್ಟಿತು. ಎಲ್ಲ ಹಿಂಡಾಲಿಯಂ ಕೆಟ್ಟದ್ದು ಎಂದು ಇದರ ಅರ್ಥವಲ್ಲ. ಹುಟ್ಟೂರು ಗೊತ್ತಿಲ್ಲದ ಪಾತ್ರೆ ಬೇಡ, ಅಷ್ಟೇ. ಮಗಳ ಮನೆಗೆಂದು ಸೂಟ್‌ಕೇಸಿನಲ್ಲಿ ಪಾತ್ರೆ ಒಯ್ಯುವವರಿಗೂ ಈ ಮಾತು ಅನ್ವಯ.

ಕೊಳ್ಳುವಾಗ ಐ.ಎಸ್.ಐ. ಗುರುತು ನೋಡಿ. ಸ್ಟೇನ್‌ಲೆಸ್ ಸ್ಟೀಲ್ ಮತ್ತು ಅಲ್ಯೂಮಿನಿಯಂ ಪಾತ್ರೆಗಳಿಗೆ ಇದನ್ನು ಕಡ್ಡಾಯ ಮಾಡುವ ಆದೇಶವನ್ನು ಕೇಂದ್ರ ಸರ್ಕಾರ 2024ರಲ್ಲಿ ಹೊರಡಿಸಿದೆ.

*3. ತಾಮ್ರ, ಹಿತ್ತಾಳೆ ಮತ್ತು ಕಲಾಯಿ*

ಪುಣೆಯ ಕಸ್ಬಾ ಪೇಟೆಯ ತಾಂಬಟ್ ಆಳಿಯಲ್ಲಿ ಇಂದಿಗೂ ತಾಮ್ರ ಬಡಿಯುವ ಸದ್ದು ಕೇಳುತ್ತದೆ. ಆ ಹಂಡೆಗಳು ಚೆಂದ, ತಲೆಮಾರುಗಟ್ಟಲೆ ಬಾಳುತ್ತವೆ. ಆದರೆ ಒಳಗೆ ಕಲಾಯಿ ಇರಬೇಕು. ಕಲಾಯಿ ಹೋದ ಜಾಗದಲ್ಲಿ ಹುಳಿ ತಾಗಿದರೆ ತಾಮ್ರ ಕರಗಿ ವಾಂತಿ, ಹೊಟ್ಟೆನೋವು ಬರುತ್ತದೆ. ದಿನವೂ ತಿಕ್ಕಿ ತೊಳೆಯುವ ಹೋಟೆಲಿನಲ್ಲಿ ಕಲಾಯಿ ಬೇಗ ಹೋಗುತ್ತದೆ.

ಕಲಾಯಿ ಹಾಕಿಸುವಾಗ ಒಂದು ಮಾತು ತಪ್ಪದೆ ಕೇಳಿ. ಶುದ್ಧ ತವರದಿಂದ ಹಾಕಬೇಕು, ಸೀಸ ಬೆರೆತ ಬೆಸುಗೆ ಲೋಹದಿಂದ ಅಲ್ಲ. ಮರಾಠಿಯಲ್ಲಿ ತವರಕ್ಕೆ "ಕಥೀಲ್", ಸೀಸಕ್ಕೆ "ಶಿಸೆ" ಎನ್ನುತ್ತಾರೆ. ಅಂಗಡಿಯಲ್ಲಿ ಈ ಎರಡು ಪದ ನಿಮಗೆ ಉಪಯೋಗಕ್ಕೆ ಬರುತ್ತವೆ.

*4. ಸ್ಟೇನ್‌ಲೆಸ್ ಸ್ಟೀಲ್: ಹುಳಿ ಅಡುಗೆಗೆ ಇದೇ ಸರಿ*

ಸಾಂಬಾರು, ಸಾರು, ಹಿಟ್ಟು, ಮೊಸರು, ಇಡ್ಲಿ ಸ್ಟೀಮರ್ ಇವಕ್ಕೆಲ್ಲ 304 ದರ್ಜೆಯ ಸ್ಟೀಲ್ ಆರಿಸಿ. ಇದರಲ್ಲಿ ಸುಮಾರು ನೂರಕ್ಕೆ 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುತ್ತದೆ. ಅಂಗಡಿಯವರು ತೋರಿಸುವ ಅಗ್ಗದ 202 ದರ್ಜೆಯಲ್ಲಿ ನಿಕ್ಕಲ್ ಕಡಿಮೆ, ಮ್ಯಾಂಗನೀಸ್ ಹೆಚ್ಚು. ಉಪ್ಪು ಹುಳಿಗೆ ಬೇಗ ಚುಕ್ಕಿ ಬಿದ್ದು ತುಕ್ಕು ಹಿಡಿಯುತ್ತದೆ. ಅಯಸ್ಕಾಂತ ಅಂಟದಿದ್ದರೆ 304 ಎಂದು ನಂಬಬೇಡಿ, 202ಕ್ಕೂ ಸಾಮಾನ್ಯವಾಗಿ ಅಂಟುವುದಿಲ್ಲ. ಬಿಲ್ಲಿನ ಮೇಲೆ ದರ್ಜೆ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಬೇರೆ ಅಂಗಡಿ ನೋಡಿ.

ಸ್ಟೀಲಿನ ತೊಂದರೆ ಎಂದರೆ ತಳ ಹಿಡಿಯುವುದು. ಅದಕ್ಕೆ ತಳದಲ್ಲಿ ಎರಡು ಸ್ಟೀಲ್ ಪದರದ ನಡುವೆ ಅಲ್ಯೂಮಿನಿಯಂ ಇಟ್ಟ ಪಾತ್ರೆ ತೆಗೆದುಕೊಳ್ಳಿ. ಶಾಖವೂ ಹರಡುತ್ತದೆ, ಸಾಂಬಾರಿಗೆ ತಾಗುವುದೂ ಸ್ಟೀಲ್ ಮಾತ್ರ. ದೊಡ್ಡ ಪ್ರಮಾಣದ ಅಡುಗೆಯಾದರೆ ಉಗಿಯಲ್ಲಿ ಬೇಯಿಸುವ ಸ್ಟೀಲ್ ಕೊಪ್ಪರಿಗೆ ಉತ್ತಮ. ಹುಬ್ಬಳ್ಳಿಯ ಅಕ್ಷಯ ಪಾತ್ರ ಅಡುಗೆಮನೆಯಲ್ಲಿ ಶಾಲಾ ಮಕ್ಕಳಿಗೆ ಅನ್ನ, ಸಾಂಬಾರು ಬೇಯುವುದು ಇಂಥವುಗಳಲ್ಲೇ.

ಹಿಡಿಕೆಯ ಬೆಸುಗೆ ನೋಡಿ. ಒಳಮೂಲೆ ದುಂಡಗಿರಲಿ, ಕೊಳೆ ನಿಲ್ಲಬಾರದು. ತಣ್ಣೀರಿಗೆ ಉಪ್ಪು ಹಾಕಿ ಬಿಡಬೇಡಿ, ಕುದಿ ಬಂದ ಮೇಲೆ ಹಾಕಿ. ತಳದಲ್ಲಿ ಕುಳಿತ ಉಪ್ಪೇ ಸ್ಟೀಲಿಗೆ ಗುಳಿ ಬೀಳಿಸುತ್ತದೆ.

*5. ಕರಿಯುವ ಬಾಣಲೆ: ಹೃದಯಕ್ಕೆ ಹತ್ತಿರದ ಪಾತ್ರೆ*

ವಡೆ, ಬೋಂಡಾ, ಪೂರಿ ಕರಿಯುವ ಎಣ್ಣೆ ಶಾಖ ಮತ್ತು ಗಾಳಿಗೆ ಕೆಡುತ್ತದೆ. ತಾಮ್ರ, ಹಿತ್ತಾಳೆ ತಾಗಿದರೆ ಇನ್ನೂ ಬೇಗ ಕೆಡುತ್ತದೆ. ತುಕ್ಕು ಹಿಡಿದ ಕಬ್ಬಿಣವೂ ಹಾಗೆಯೇ. ಹಾಗಾಗಿ ಹಿತ್ತಾಳೆ ಬಾಣಲೆಯಲ್ಲಿ ಕರಿಯಬೇಡಿ. ಸ್ಟೀಲ್ ಆಗಲಿ, ಚೆನ್ನಾಗಿ ಎಣ್ಣೆ ಹಿಡಿದು ಕಪ್ಪಾದ ಕಬ್ಬಿಣವಾಗಲಿ ಸರಿ. ಬಾಯಿ ಅಗಲವಾದಷ್ಟೂ ಎಣ್ಣೆಗೆ ಗಾಳಿ ಹೆಚ್ಚು. ಅಗತ್ಯಕ್ಕಿಂತ ಅಗಲದ ಬಾಣಲೆ ಬೇಡ.

ಥರ್ಮೋಸ್ಟಾಟ್ ಇರುವ ಫ್ರೈಯರ್ ಕೊಳ್ಳಲು ಆಗುವುದಾದರೆ ಅದೇ ಉತ್ತಮ. 180 ಡಿಗ್ರಿ ಸೆಲ್ಸಿಯಸ್ ಸುತ್ತ ನಿಲ್ಲಿಸಿ. ಹೊಗೆ ಬಂದರೆ ಎಣ್ಣೆ ಕೆಡುತ್ತಿದೆ ಎಂದರ್ಥ. ಕರಿದ ಎಣ್ಣೆಯಲ್ಲಿ ಕೆಟ್ಟ ಅಂಶಗಳ ಒಟ್ಟು ಪ್ರಮಾಣ ನೂರಕ್ಕೆ 25 ದಾಟಬಾರದು ಎಂಬ ನಿಯಮ 2018ರ ಜುಲೈಯಿಂದ ಜಾರಿಯಲ್ಲಿದೆ. ಇದನ್ನು ಅಳೆಯುವ ಕೈ ಉಪಕರಣ ಸಿಗುತ್ತದೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಕರಿಯಲು ಬಳಸುವವರು ಅದರ ಲೆಕ್ಕ ಪುಸ್ತಕವನ್ನೂ ಇಡಬೇಕು. ಒಂದು ಒಳ್ಳೆಯ ಸ್ಟೀಲ್ ಸೋಸುಕವನ್ನೂ ಮುಚ್ಚಳವನ್ನೂ ಕೊಳ್ಳಿ. ತಳದ ಕರಕಲು ದಿನವೂ ತೆಗೆಯಿರಿ. ಹಳೆಯ ಎಣ್ಣೆಗೆ ಹೊಸದನ್ನು ಸುರಿಯುತ್ತಾ ಹೋಗುವುದನ್ನು ಮೊದಲು ನಿಲ್ಲಿಸಿ.

*6. ದೋಸೆ ಕಾವಲಿ*

ದಪ್ಪ ಕಬ್ಬಿಣದ ಕಾವಲಿಗೆ ಸಾಟಿ ಇಲ್ಲ. ಎರಕದ ಕಾವಲಿಗೆ ಇಲ್ಲಿ "ಬಿಡಾಚಾ ತವಾ" ಎನ್ನುತ್ತಾರೆ. ಅದು ಬಿಟ್ಟುಕೊಡುವ ಅಲ್ಪಸ್ವಲ್ಪ ಕಬ್ಬಿಣ ಹೆಚ್ಚಿನವರಿಗೆ ಒಳ್ಳೆಯದೇ. ಥಲಸ್ಸೇಮಿಯಾದಂತಹ ಕಾಯಿಲೆಯಿಂದ ಕಬ್ಬಿಣ ಹೆಚ್ಚಾದವರು ಮಾತ್ರ ವೈದ್ಯರನ್ನು ಕೇಳಿ.

ನಾನ್‌ಸ್ಟಿಕ್ ತವಾ ಹೋಟೆಲಿಗೆ ಹೇಳಿದ್ದಲ್ಲ. ಅದರ ಲೇಪ 260 ಡಿಗ್ರಿ ದಾಟಿದರೆ ಕೆಡತೊಡಗುತ್ತದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಉರಿಯ ಮೇಲೆ ಖಾಲಿ ಕಾಯುವ ತವಾ ಆ ಬಿಸಿ ಸುಲಭವಾಗಿ ದಾಟುತ್ತದೆ. ಕಬ್ಬಿಣದ ಸಟ್ಟುಗದ ಏಟಿಗೆ ಲೇಪ ಏಳುವುದು ಬೇರೆ.

*7. ನಾವು ಲೆಕ್ಕಕ್ಕೇ ಹಿಡಿಯದ ಪಾತ್ರೆ, ಉಪಕರಣಗಳು*

*ಬಣ್ಣದ ಬಕೆಟ್:* ಖಾಲಿ ಪೇಂಟ್ ಬಕೆಟ್ಟಿನಲ್ಲಿ ಹಿಟ್ಟು, ಚಟ್ನಿ ಇಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಂದೇ ನಿಲ್ಲಿಸಿ. ಕುದಿಯುವ ಸಾಂಬಾರನ್ನು ಪ್ಲಾಸ್ಟಿಕ್ ಡ್ರಮ್ಮಿಗೆ ಸುರಿಯುವುದೂ ಬೇಡ.

*ತೂಕದ ಯಂತ್ರ:* ಹೃದಯಕ್ಕೆ ಅತಿ ಹೆಚ್ಚು ಉಪಕಾರ ಮಾಡುವ ಉಪಕರಣ ಇದೇ. ನೂರು ಲೀಟರ್ ಸಾಂಬಾರಿಗೆ ಒಂದು ಕಿಲೋ ಉಪ್ಪು ಹಾಕಿದರೆ 200 ಮಿಲಿ ಬಟ್ಟಲಿಗೆ 2 ಗ್ರಾಂ ಬಂತು. ದಿನಕ್ಕೆ 5 ಗ್ರಾಂ ಒಳಗೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೈ ಅಳತೆ ಬಿಟ್ಟು ತೂಕ ಮಾಡಿ ಹಾಕಿ, ತಿಂಗಳಿಗೆ ಸ್ವಲ್ಪ ಸ್ವಲ್ಪ ಇಳಿಸಿ. ಗಿರಾಕಿಯ ನಾಲಿಗೆಗೆ ತಿಳಿಯುವುದೂ ಇಲ್ಲ.

*ಚಿಮಣಿ ಮತ್ತು ಬರ್ನರ್:* ಉರಿ ಹಳದಿ ಬಂದರೆ ಗ್ಯಾಸ್ ಸರಿಯಾಗಿ ಉರಿಯುತ್ತಿಲ್ಲ, ವಿಷಾನಿಲ ಬರಬಹುದು. ಕೆಲಸದವರಲ್ಲಿ ಎರಡು ಮೂರು ಜನಕ್ಕೆ ಒಟ್ಟಿಗೆ ತಲೆನೋವು ಬಂದರೆ ಮೊದಲು ಉರಿ ಆರಿಸಿ, ಬಾಗಿಲು ತೆರೆದು ಎಲ್ಲರೂ ಹೊರಗೆ ಬನ್ನಿ. ಬೇಸಿಗೆಯಲ್ಲಿ ಒಲೆಯ ಮುಂದೆ ನಿಲ್ಲುವವರು, ಅದರಲ್ಲೂ ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು, ತಲೆ ಸುತ್ತಿದರೆ ವೈದ್ಯರಿಗೆ ಹೇಳಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

*ರವಿವಾರ ಪೇಟೆಗೆ ಹೊರಡುವ ಮುನ್ನ*

✔ ಇದರಲ್ಲಿ ಹುಳಿ ಬೇಯುತ್ತದೆಯೇ? ಹಾಗಾದರೆ 304 ಸ್ಟೀಲ್.
✔ ಐ.ಎಸ್.ಐ. ಗುರುತು, ತಯಾರಕರ ಹೆಸರು ಇದೆಯೇ?
✔ ಬಿಲ್ಲಿನಲ್ಲಿ ದರ್ಜೆ ಬರೆದಿದ್ದಾರೆಯೇ?
✔ ತಳ ದಪ್ಪ ಇದೆಯೇ? ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ತಗಡು ದಪ್ಪ.
✔ ತುಂಬಿದ ಮೇಲೆ ಇಬ್ಬರು ಎತ್ತಬಹುದೇ? ಇಲ್ಲವಾದರೆ ಕೆಳಗೆ ನಲ್ಲಿ ಇರುವ ಪಾತ್ರೆ ನೋಡಿ. ನಲ್ಲಿಯೂ ಸ್ಟೀಲಿನದೇ ಇರಲಿ.
✔ ಒಮ್ಮೆಗೇ ಎಲ್ಲ ಬದಲಿಸಲು ಹಣ ಸಾಲದೇ? ಈ ಕ್ರಮದಲ್ಲಿ ಬದಲಿಸಿ: ಹಿಟ್ಟಿನ ಪಾತ್ರೆ, ಸಾಂಬಾರಿನ ಡಬರಿ, ಕರಿಯುವ ಬಾಣಲೆ. ಅನ್ನದ ಪಾತ್ರೆ ಕೊನೆಗೆ.

ನಮ್ಮ ಮೆಸ್ಸಿನವರು ಇದೇ ಕ್ರಮ ಹಿಡಿದರು. ಉಪ್ಪು ತೂಕ ಮಾಡಿ ಹಾಕುತ್ತಿದ್ದಾರೆ, ರಾತ್ರಿ ಬೇಗ ಮಲಗುತ್ತಿದ್ದಾರೆ, ಬಿ.ಪಿ. ಈಗ ಹತೋಟಿಗೆ ಬಂದಿದೆ. ಹಳೆಯ ಡಬರಿಯನ್ನು ಗುಜರಿಗೆ ಕೊಟ್ಟೆ ಎಂದರು. "ಅದು ಕರಗಿ ಯಾರ ಮನೆಯ ಕಡಾಯಿ ಆಗುತ್ತದೋ!" ಎಂದು ಅವರೇ ನಕ್ಕರು. ಅದಕ್ಕೇ ಹೇಳಿದ್ದು, ತೂಕಕ್ಕೆ ಸಿಗುವ ಅಗ್ಗದ ಎರಕ ಕೊಳ್ಳಬೇಡಿ ಎಂದು.

ಇಂದು ಅಡುಗೆ ಮುಗಿದ ಮೇಲೆ ನಿಮ್ಮ ಹಳೆಯ ಡಬರಿಯನ್ನು ಬೆಳಕಿಗೆ ಹಿಡಿದು ಒಳಗೆ ಒಮ್ಮೆ ಕೈಯಾಡಿಸಿ. ಗುಳಿ, ಚುಕ್ಕಿ, ತೆಳುವಾದ ತಳ ಸಿಕ್ಕರೆ ಅದರ ಸೇವೆ ಮುಗಿದಿದೆ ಎಂದುಕೊಳ್ಳಿ.

ಹೋಟೆಲ್, ಮೆಸ್, ಟಿಫಿನ್ ನಡೆಸುವ ನಿಮ್ಮ ಬಂಧುಗಳಿಗೆ, ಸಮಾರಂಭಕ್ಕೆ ಬಾಡಿಗೆ ಪಾತ್ರೆ ತರಿಸುವ ಗೆಳೆಯರಿಗೆ ಇದನ್ನು ಕಳುಹಿಸಿ.

ಆರೋಗ್ಯವಾಗಿರಿ. ಮುಂದಿನ ಕಂತಿನಲ್ಲಿ ಭೇಟಿಯಾಗೋಣ.