ಒಂದೇ ಅಂಗಡಿಗೆ ಮೂರು ಬೋರ್ಡು: ಡಿಫಾಲ್ಟ್ ಪುಟ ಮತ್ತು ಪರ್ಯಾಯ ವಿಳಾಸಗಳ ಪಾಠ

2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರು ಬದಲಾದಾಗ ಬೆಳಗಾಂ ಅಧಿಕೃತವಾಗಿ ಬೆಳಗಾವಿ ಆಯಿತು. ರೈಲು ನಿಲ್ದಾಣದ ಸಂಕೇತ ಮಾತ್ರ ಹಳೆಯ ಬಿಜಿಎಂ ಆಗಿಯೇ ಉಳಿಯಿತು. ಒಂದೇ ಸ್ಥಳಕ್ಕೆ ಹಲವು ಹೆಸರುಗಳಿರಬಹುದು, ಹೆಸರು ಬದಲಾದರೂ ಒಳಗಿನ ಗುರುತು ಹಾಗೇ ಇರಬಹುದು ಎಂಬ ಪೂರ್ವಜ್ಞಾನ ನಮ್ಮೂರಿನ ಮಕ್ಕಳಲ್ಲಿ ಆಗಲೇ ಇದೆ. ಒಂಬತ್ತನೆಯ ತರಗತಿಯ ಅಭ್ಯಾಸ ಪಾಠಕ್ಕೆ ಇದನ್ನೇ ಪ್ರೇರಣೆಯಾಗಿ ಬಳಸಿದೆ.

ಮೊದಲು ಡಿಫಾಲ್ಟ್ ಪುಟ. ರವಿವಾರ ಪೇಟೆಯ ಸಗಟು ಕಿರಾಣಿ ಅಂಗಡಿಗೆ ಬಂದ ಗಿರಾಕಿ ಏನು ಬೇಕೆಂದು ಹೇಳದೆ ಸುಮ್ಮನೆ ನಿಂತರೆ ಯಾರು ಮಾತನಾಡಿಸುತ್ತಾರೆ? ಗಲ್ಲಾದ ಮೇಲೆ ಸಾವುಕಾರರಿದ್ದರೆ ಅವರು; ಇಲ್ಲದಿದ್ದರೆ ಮಗ; ಅವನೂ ಇಲ್ಲದಿದ್ದರೆ ದಿವಾಣಜಿ. ಸರ್ವರ್ ಮಾಡುವುದೂ ಇದನ್ನೇ. ವಿಳಾಸದಲ್ಲಿ ಕಡತದ ಹೆಸರಿಲ್ಲದಿದ್ದರೆ ಅದು ತನ್ನ ಪಟ್ಟಿಯಲ್ಲಿರುವ ಹೆಸರುಗಳನ್ನು ಒಂದೊಂದಾಗಿ ಹುಡುಕಿ, ಮೊದಲು ಸಿಕ್ಕಿದ್ದನ್ನು ಕೊಡುತ್ತದೆ. ಅಪಾಚೆ ಸರ್ವರಿನಲ್ಲಿ ಈ ಪಟ್ಟಿ ಬರೆಯುವ ಆದೇಶಕ್ಕೆ ಡೈರೆಕ್ಟರಿಇಂಡೆಕ್ಸ್ ಎನ್ನುತ್ತಾರೆ. ನಾವೇನೂ ಬರೆಯದಿದ್ದರೆ ಅದು ಹುಡುಕುವುದು ಇಂಡೆಕ್ಸ್.ಎಚ್‌ಟಿಎಂಎಲ್ ಕಡತವನ್ನು. ಇಂಡೆಕ್ಸ್.ಪಿಎಚ್‌ಪಿ ಕೂಡ ಇದ್ದರೆ ಯಾವುದು ತೆರೆಯುತ್ತದೆಂಬುದು ಪಟ್ಟಿಯ ಕ್ರಮಕ್ಕೆ ಬಿಟ್ಟದ್ದು. ಹೊಸ ಪುಟ ಹಾಕಿದರೂ ಹಳೆಯದೇ ಕಾಣುತ್ತಿದೆ ಎನ್ನುವವರು ಮೊದಲು ಈ ಕ್ರಮವನ್ನೇ ನೋಡಬೇಕು.

ಗಲ್ಲಾದ ಮೇಲೆ ಯಾರೂ ಇಲ್ಲದಿದ್ದರೆ? ಕಡತಪಟ್ಟಿ ತೋರಿಸುವ ಅನುಮತಿ ಇಲ್ಲದ ಕಡೆ ಸರ್ವರ್ 403 ಎಂದು ಬಾಗಿಲು ಹಾಕುತ್ತದೆ. ಅನುಮತಿ ಇದ್ದರೆ ಗೋದಾಮಿನ ಚೀಲಗಳೆಲ್ಲ ಬಿಚ್ಚಿ ಬೀಳುತ್ತವೆ. ಒಂದು ಶಾಲೆಯ ಜಾಲತಾಣದಲ್ಲಿ ಪೋಷಕರ ಫೋನ್ ಸಂಖ್ಯೆಗಳಿದ್ದ ಪಟ್ಟಿ ಹೀಗೆಯೇ ತೆರೆದುಕೊಂಡಿದ್ದನ್ನು ನಾನು ಕಂಡಿದ್ದೇನೆ. ಡಿಫಾಲ್ಟ್ ಪುಟವನ್ನು ಬರೀ ಅಲಂಕಾರವೆಂದು ಕಲಿಸಬಾರದು ಎಂಬುದು ನನ್ನ ಅಭಿಪ್ರಾಯ.

ಇನ್ನು ಪರ್ಯಾಯ ವಿಳಾಸ. ಪೇಟೆಯ ಒಂದೇ ಅಂಗಡಿಗೆ ಕನ್ನಡ, ಮರಾಠಿ, ಇಂಗ್ಲಿಷ್ ಬೋರ್ಡುಗಳಿರುತ್ತವೆ. ಯಾವುದನ್ನು ಓದಿ ಬಂದರೂ ಹೊಸ್ತಿಲು ಒಂದೇ. ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರುವ, ಇಲ್ಲದ ಎರಡು ಹೆಸರುಗಳನ್ನೂ ಒಂದೇ ತಾಣಕ್ಕೆ ಕಟ್ಟಲು ಅಪಾಚೆಯಲ್ಲಿ ಸರ್ವರ್‌ನೇಮ್ ಜೊತೆಗೆ ಸರ್ವರ್‌ಅಲಿಯಾಸ್ ಬರೆಯುತ್ತಾರೆ. ಡಿಎನ್‌ಎಸ್‌ನಲ್ಲೂ ಎರಡೂ ಹೆಸರು ಅದೇ ಸರ್ವರಿಗೆ ದಾರಿ ತೋರಿಸಬೇಕು. ಇದನ್ನು ಮರೆತರೆ ಬೋರ್ಡು ಇದ್ದೂ ರಸ್ತೆ ಇಲ್ಲದಂತೆ.

ಇಲ್ಲಿ ಮಕ್ಕಳು ಗೊಂದಲಗೊಳ್ಳುವುದು ಅಲಿಯಾಸ್ ಮತ್ತು ರೀಡೈರೆಕ್ಟ್ ನಡುವೆ. ಅಲಿಯಾಸ್‌ನಲ್ಲಿ ಎರಡು ಹೆಸರಿನಲ್ಲೂ ಅಂಗಡಿ ತೆರೆದಿರುತ್ತದೆ. ರೀಡೈರೆಕ್ಟ್‌ನಲ್ಲಿ ಹಳೆಯ ಬಾಗಿಲಿಗೆ ‘ಅಂಗಡಿ ಎದುರಿಗಿದೆ, ಅಲ್ಲಿಗೆ ಹೋಗಿ’ ಎಂಬ ಚೀಟಿ ಇರುತ್ತದೆ. ಬ್ರೌಸರಿನ ಪಟ್ಟಿಯಲ್ಲಿ ವಿಳಾಸವೇ ಬದಲಾಗುತ್ತದೆ. 301 ಶಾಶ್ವತ ಚೀಟಿ, 302 ತಾತ್ಕಾಲಿಕ. ಲ್ಯಾಬಿನಲ್ಲಿ 302 ಬಳಸುವುದು ಕ್ಷೇಮ: 301 ಅನ್ನು ಬ್ರೌಸರ್ ನೆನಪಿಟ್ಟುಕೊಳ್ಳುವುದರಿಂದ ಮುಂದಿನ ಅವಧಿಯ ತಂಡಕ್ಕೆ ಹಿಂದಿನವರ ಉತ್ತರವೇ ಕಾಣಬಹುದು. ಎಚ್‌ಟಿಟಿಪಿಎಸ್ ಇದ್ದಲ್ಲಿ ಪ್ರಮಾಣಪತ್ರದ ಪರಿಶೀಲನೆ ಚೀಟಿ ಓದುವುದಕ್ಕಿಂತ ಮುಂಚೆಯೇ ನಡೆಯುತ್ತದೆ. ಹಾಗಾಗಿ ಹಳೆಯ ಹೆಸರೂ ಪ್ರಮಾಣಪತ್ರದಲ್ಲಿರಬೇಕು.

ಇಂಟರ್ನೆಟ್ ಇಲ್ಲದ ಲ್ಯಾಬಿನಲ್ಲೂ ಇದನ್ನು ಮಾಡಿ ತೋರಿಸಬಹುದು. ಗಣಕದ ಹೋಸ್ಟ್ಸ್ ಕಡತದಲ್ಲಿ 127.0.0.1ರ ಮುಂದೆ, ಪರೀಕ್ಷೆಗೆಂದೇ ಮೀಸಲಾದ .ಟೆಸ್ಟ್ ಕೊನೆಯ ಎರಡು ಹೆಸರುಗಳನ್ನು ಬರೆದರಾಯಿತು. ಬೋಧನೋಪಕರಣ ಇಷ್ಟೇ ಸಾಕು. ಆ ಕಡತ ತಿದ್ದಲು ಅಡ್ಮಿನಿಸ್ಟ್ರೇಟರ್ ಅನುಮತಿ ಬೇಕು, ಮೊದಲೇ ಕೇಳಿಟ್ಟುಕೊಳ್ಳಿ.

ಪಾಠಯೋಜನೆಯಲ್ಲಿ ಇಲ್ಲದ ಪ್ರಶ್ನೆಯೊಂದು ಹಿಂದಿನ ಬೆಂಚಿನಿಂದ ಬಂತು: “ಸರ್, ಮೂರನೇ ಬೋರ್ಡು ಬ್ಯಾರೆಯವ್ರು ಬರದು ಅವರ ಅಂಗಡಿಗೆ ಹಾಕ್ಕೊಂಡ್ರ?” ಶಿಷ್ಯವೇತನದ ಅರ್ಜಿ ತುಂಬಲು ಸೈಬರ್ ಸೆಂಟರಿಗೆ ಹೋಗುವ ಮಕ್ಕಳಿಗೆ ಇದು ನಿಜವಾದ ಪ್ರಶ್ನೆ. ಅಲಿಯಾಸ್ ಅನ್ನು ಮಾಲೀಕರೇ ಕಟ್ಟುತ್ತಾರೆ. ಹೋಲುವ ಹೆಸರನ್ನು ಯಾರು ಬೇಕಾದರೂ ನೋಂದಾಯಿಸಬಹುದು. ಉಳಿದ ಹತ್ತು ನಿಮಿಷ ಅದಕ್ಕೇ ಹೋಯಿತು. ಎಚ್‌ಟಿಟಿಪಿಎಸ್ ನಂತರದ ಎರಡು ಗೆರೆ ದಾಟಿ, ಮುಂದಿನ ಮೊದಲ ಓರೆಗೆರೆಯ ತನಕ ಬೆರಳಿಟ್ಟು, ಅಲ್ಲಿಂದ ಹಿಂದಕ್ಕೆ ಓದಿಸಿದೆ. ಕರ್ನಾಟಕ.ಗವ್.ಇನ್ ಎಂದು ಮುಗಿದರೆ ಸರ್ಕಾರದ್ದು. ಕರ್ನಾಟಕ.ಗವ್.ಇನ್.ಎಕ್ಸಾಂಪಲ್.ಕಾಮ್ ಎಂದಿದ್ದರೆ ಮಾಲೀಕರು ಎಕ್ಸಾಂಪಲ್.ಕಾಮ್‌ನವರು. ಎಕ್ಸಾಂಪಲ್.ಕಾಮ್ ಉದಾಹರಣೆಗೆಂದೇ ಮೀಸಲಿಟ್ಟ ಹೆಸರು, ಕಪ್ಪುಹಲಗೆಯ ಮೇಲೆ ಧೈರ್ಯವಾಗಿ ಬರೆಯಬಹುದು. ಮನೆಗೆಲಸವಾಗಿ ಪ್ರತಿಯೊಬ್ಬರೂ ಮನೆಯ ಫೋನಿಗೆ ಬಂದ ಒಂದು ಲಿಂಕನ್ನು ಒತ್ತದೆ, ನೋಟುಪುಸ್ತಕದಲ್ಲಿ ಬರೆದು, ಮಾಲೀಕರ ಹೆಸರಿನ ಕೆಳಗೆ ಗೆರೆ ಎಳೆದು ತರಬೇಕೆಂದು ಹೇಳಿದೆ.